ಏಳು ಸಾವಿರದ ಇನ್ನೂರ ಹನ್ನೊಂದು ಸುತ್ತು

ಶಿಡ್ಲಘಟ್ಟದ ನನ್ನ ರೀವೈಂಡಿಂಗ್ ಅಂಗಡಿಗೆ ಬರುವುದೆಲ್ಲ
ಸುಟ್ಟ ವಾಸನೆ ಹೊತ್ತೇ ಬರುತ್ತದೆ:
ಬೋರ್‌ವೆಲ್ ಮೋಟಾರು, ರಾಗಿಮಿಲ್ಲಿನದು, ಮದುವೆಮನೆಯ ಮಿಕ್ಸಿ.
ಮುಬೀನಾ ತಂದದ್ದಕ್ಕೆ ವಾಸನೆಯೇ ಇರಲಿಲ್ಲ.
ಗೋಣಿಚೀಲದಿಂದ ಇಣುಕಿದ ಕತ್ತು,
ಕೆಂಪು ಮೈ, ಅಂಚಿನಲ್ಲಿ ಪದರ ಎದ್ದ ಪ್ಲೈವುಡ್ಡು.
ಚಿಂತಾಮಣಿಯ ಬ್ಯಾಂಡ್‌ಸೆಟ್ಟಿನವರು ಮೂರೂವರೆ ಸಾವಿರಕ್ಕೆ
ಕೊಟ್ಟು ಕೈತೊಳೆದುಕೊಂಡ ಗಿಟಾರು.

"ಅಣ್ಣಾ, ಇದರೊಳಗೂ ಕಾಯಿಲ್ ಇದೆಯಂತೆ.
ಸತ್ತಿದೆ. ಸುತ್ತಿಕೊಡು."

ಮೂವತ್ತೊಂದು ವರ್ಷ ತಾಮ್ರ ಸುತ್ತಿದ್ದೇನೆ.
ತಂತಿ ಎಂದರೆ ನನಗೆ
ಹಲ್ಲಲ್ಲಿ ಕಚ್ಚಿ ಎಳೆಯುವಂಥದ್ದು.
ಇದು ನಲವತ್ತೆರಡು ನಂಬರು.
ಕನ್ನಡಕ ಒರೆಸಿ ನೋಡಿದೆ, ಮತ್ತೆ ಒರೆಸಿದೆ.
ಹಿಡಿದರೆ ಹಿಡಿದಂತಿಲ್ಲ, ಬೆಳಕಿಗೆ ಮಾತ್ರ ಕಾಣುತ್ತದೆ.
ನಾಲ್ಕು ಸಲ ಸುತ್ತಿದೆ. ನಾಲ್ಕು ಸಲವೂ
ಪಟಕ್ ಎಂದೂ ಅನ್ನದೆ ಹರಿಯಿತು.

"ಸರಿಯಣ್ಣ ಆ ಕಡೆ" ಎಂದು ಸ್ಟೂಲು ಕಸಿದುಕೊಂಡಳು.
ಅವಳದು ರೀಲಿಂಗ್ ಕೈ.
ಪಿಯುಸಿ ಮುಗಿದಂದಿನಿಂದ ಬಿಸಿನೀರ ತೊಟ್ಟಿಯಲ್ಲಿ ಬೆರಳದ್ದಿ
ಗೂಡಿನ ಎಳೆತುದಿ ಹುಡುಕಿದ ಕೈ.
ಎಂಟು ಗೂಡು, ಎಂಟು ಎಳೆ, ಒಂದೇ ದಾರ;
ಒಂದು ತಪ್ಪಿದರೆ ಕಣ್ಣಿಗಿಂತ ಮೊದಲು
ಹೆಬ್ಬೆರಳಿಗೆ ಗೊತ್ತಾಗುತ್ತದಂತೆ.

ಹೊಲಿಗೆ ಮಿಷಿನ್ನಿನ ಬಾಬಿನ್ ಚಕ್ರಕ್ಕೆ ಸುರುಳಿ ಕಟ್ಟಿದೆ,
ಎಣಿಕೆಗೆ ಹಳೇ ಕ್ಯಾಲ್ಕುಲೇಟರಿನ ಹೊಟ್ಟೆ ಬಗೆದು
ಒಂದು ಸ್ವಿಚ್ಚು ಬೆಸೆದೆ. ಅವಳು ತುಳಿದಳು.
ನನ್ನ ಕೈಯಲ್ಲಿ ಹರಿದದ್ದು
ಅವಳ ಕೈಯಲ್ಲಿ ಹರಿಯತೊಡಗಿತು.

ಮೂರು ಸಾವಿರ. ಐದು.
ಬೀದಿಯಲ್ಲಿ ಟೆಂಪೋ ಹಾರನ್ ಹೊಡೆದರೆ ನಾನೇ ಬೆಚ್ಚಿದೆ.
ಆರು ಸಾವಿರದ ನಾನೂರಕ್ಕೆ ಮಾರ್ಕೆಟ್ಟಿನಿಂದ ಅವಳಮ್ಮನ ಫೋನು;
ಭುಜಕ್ಕೆ ಒತ್ತಿಕೊಂಡು "ಗೂಡು ಎಷ್ಟಕ್ಕೆ ಸಿಕ್ತು?" ಅಂದಳು,
ಕೈ ನಿಲ್ಲಲಿಲ್ಲ.

ಉಳಿದದ್ದು ನನ್ನ ಕೆಲಸ.
ಕತ್ತಿನ ಪ್ಲಾಸ್ಟಿಕ್ ಮೆಟ್ಟಿಲು ಕಿತ್ತು, ಮಟನ್ ಅಂಗಡಿಯ ಕುರಿಕಾಲಿನ ಮೂಳೆ
ಮೂರು ದಿನ ಸೋಡಾದಲ್ಲಿ ನೆನೆಸಿ, ಅರದಿಂದ ಉಜ್ಜಿ ಕೂರಿಸಿದೆ.
(ಆ ಡಬ್ಬಿಯನ್ನು ನನ್ನ ಹೆಂಡತಿ ಇನ್ನೂ ಮುಟ್ಟುತ್ತಿಲ್ಲ.)
ಒಳಗುಂಡಿಗೆ ಬಿರಿಯಾನಿ ಪಾರ್ಸಲ್ಲಿನ ಬೆಳ್ಳಿಹಾಳೆ,
ಟೋನಿಗೆ ಮಾವನ ಸತ್ತ ರೇಡಿಯೋದ ಕೆಪಾಸಿಟರು.
ಜಾರುವ ಬಿರಡೆ ಆರರಲ್ಲಿ
ಎರಡನ್ನು ಬದಲಿಸುವಷ್ಟೇ ದುಡ್ಡಿತ್ತು.

ಪ್ಲಗ್ ಹಾಕಿದೆವು.
ಗುಂಯ್.
ಬೆಸುಗೆ ನೋಡಿದೆ, ಅರ್ತಿಂಗ್ ನೋಡಿದೆ, ಹಾಳೆಯ ಮೇಲೆ ಹಾಳೆ ಅಂಟಿಸಿದೆ,
ಮೂರು ವಾರ ಅದರ ಹಿಂದೆ ಬಿದ್ದೆ.
ಕಡಿಮೆಯಾಯಿತು, ಹೋಗಲಿಲ್ಲ.
ಗೋಡೆಯಾಚೆ ರೀಲಿಂಗ್ ಯೂನಿಟ್ಟಿನ ಹದಿನಾಲ್ಕು ಮೋಟಾರು,
ಅದರಲ್ಲಿ ಒಂಬತ್ತು ನಾನೇ ಸುತ್ತಿದ್ದು.
ಯಾರನ್ನಂತ ಬೈಯಲಿ?

ಮುಬೀನಾ ಕಿವಿಯಾನಿಸಿ ಕೂತಳು.
ಮೂರನೇ ತಂತಿಯ ಬಿರಡೆ ಕೂದಲಷ್ಟು ತಿರುಗಿಸಿದಳು,
ಇನ್ನೊಂದು ಕೂದಲು.
ತಂತಿಗೂ ಗೋಡೆಗೂ ನಡುವಿನ ತೊನೆದಾಟ
ನಿಧಾನವಾಗಿ, ನಿಧಾನವಾಗಿ, ನಿಂತಿತು.
ಉಳಿದ ಐದನ್ನೂ ಅದಕ್ಕೇ ಸೇರಿಸಿದಳು.
"ಎಲ್ಲರದಕ್ಕಿಂತ ಚೂರು ಏರಿದೆ. ಇರಲಿ."

ನುಡಿಸಿದ್ದು ನನಗೆ ಅರ್ಥವಾಯಿತೆಂದು ಹೇಳಲಾರೆ.
ಬಿಸಿನೀರಲ್ಲಿ ಬೆಂದ ಬೆರಳ ತುದಿ ಜಡ್ಡುಗಟ್ಟುವುದೇ ಇಲ್ಲವಂತೆ,
ಎರಡು ಹಾಡಿಗೆ ರಕ್ತ ಬರುತ್ತದಂತೆ.
ಅದಕ್ಕೇ ಒಂದೇ.
ಅದರ ನಡುವೆಯೇ ಕರೆಂಟು ಹೋಯಿತು.
ಗೋಡೆ ಸುಮ್ಮನಾಯಿತು, ಆಂಪ್ಲಿಫೈಯರು ಸುಮ್ಮನಾಯಿತು.
ಬರೀ ತಂತಿ, ಅವಳ ತೊಡೆಯ ಮೇಲೆ, ಸೊಳ್ಳೆಯಷ್ಟು ಸದ್ದಿನಲ್ಲಿ
ಆ ಇಲ್ಲದ ಗುಂಯ್ಯಿಗೆ
ಇನ್ನೂ ಹೊಂದಿಕೊಂಡೇ ಇತ್ತು.

ಮೊಬೈಲಿನ ಬೆಳಕಲ್ಲಿ ಬಿಲ್ ಪುಸ್ತಕ ತೆಗೆದೆ.
ಎಚ್‌ಪಿ: ಖಾಲಿ ಬಿಟ್ಟೆ.
ಸುತ್ತು: 7,211.
ಸುತ್ತಿದವರು ಎಂಬ ಕಾಲಮ್ಮು ನಮ್ಮ ಪುಸ್ತಕದಲ್ಲಿಲ್ಲ;
ಅಂಚಿನಲ್ಲಿ ಹೆಸರು ಬರೆದು ಕೂಲಿ ಕಳೆದರೆ
ನಾನೇ ನಲವತ್ತು ರೂಪಾಯಿ ಬಾಕಿ.
ಚಿಲ್ಲರೆ ಇರಲಿಲ್ಲ.
ಶನಿವಾರ ಕೊಡುತ್ತೇನೆಂದೆ.