ಚೀಲ ಹೊಲಿದವಳಿಗೆ

ನಿನ್ನ ಹೆಸರು ಗೊತ್ತಿಲ್ಲ. ದೇಶದ್ದೂ ಅರ್ಧವೇ ಗೊತ್ತು:
ಗೋಣಿಯ ಮೇಲೆ ‘ಬಿಸ್’ ಎಂದಿದೆ,
ಉಳಿದದ್ದನ್ನು ಹಮಾಲಿಯ ಕೊಕ್ಕೆ ಹರಿದಿದೆ.
ಅಕ್ಕನ ಮಗಳು ನಾಗವೇಣಿ ಓದಿ ಹೇಳಿದ್ದು.

ಬಾಯಿ ಹೊಲಿದ ದಾರ ಮಾತ್ರ ಗಟ್ಟಿ.
ಎರಡು ಸುತ್ತು, ಒಂದು ಗಂಟು, ಮತ್ತೆ ಎರಡು ಸುತ್ತು.
ಈ ಕಡೆ ಯಾರೂ ಹಾಗೆ ಹೊಲಿಯುವುದಿಲ್ಲ.
ಬಿಚ್ಚುವಾಗ ಪ್ರತಿ ಸಲ ಬೈದಿದ್ದೇನೆ ನಿನ್ನನ್ನು.

ಹಡಗಿನಲ್ಲಿ ಮಂಗಳೂರಿಗೆ, ಲಾರಿಯಲ್ಲಿ ಹುಲಿಕಲ್ ಘಾಟಿ ಹತ್ತಿ
ಹೊಸನಗರದ ಈ ತಗಡಿನ ಶೆಡ್ಡಿಗೆ
ನಿನ್ನ ಗೇರುಬೀಜ ಬರುತ್ತದೆ, ತಳದಲ್ಲಿ ಒಂದು ಹಿಡಿ ಕೆಂಪು ಮಣ್ಣು.
ನಮ್ಮದರ ಹಾಗೇ ಇದೆ. ಕೈಗೆ ಹತ್ತಿದ ಮೇಲೆ ಯಾವುದು ಯಾವುದೋ.
ಒಡೆಯುವವಳು ನಾನು.
ಬೇಳೆ ಇಡಿಯಾಗಿ ಬಂದರೆ ಒಂದು ರೇಟು, ಪೀಸಾದರೆ ಇನ್ನೊಂದು.
ಡಬ್ಬಿ ಮುಚ್ಚಿ ಮತ್ತೆ ಹಡಗು.
ನೀನೂ ತಿನ್ನಲಿಲ್ಲ, ನಾನೂ ತಿನ್ನಲಿಲ್ಲ;
ಗೇಟಿನಲ್ಲಿ ಸೆರಗು ಕೊಡವಿಸುತ್ತಾರೆ.

ಸಿಪ್ಪೆಯ ಎಣ್ಣೆ ನನ್ನ ಹೆಬ್ಬೆರಳಿನ ಗೆರೆ ತಿಂದಿದೆ.
ರೇಷನ್ ಅಂಗಡಿಯ ಯಂತ್ರ ಮೂರು ಸಲ ಕೆಂಪಾಗಿ
ನಾನು ನಾನಲ್ಲ ಅನ್ನುತ್ತದೆ.

ಸೋಮವಾರ ರೈಟರು ಫೆಲಿಕ್ಸಣ್ಣ ಲೆಕ್ಕದ ಪುಸ್ತಕ ಮುಚ್ಚಿ ಹೇಳಿದರು:
ನಿಮ್ಮ ಸರ್ಕಾರ ಇನ್ನು ಒಡೆಯದ ಬೀಜ ಹೊರಗೆ ಬಿಡುವುದಿಲ್ಲವಂತೆ,
ಅಲ್ಲೇ ಒಡೆಯುವುದಂತೆ. ಇಲ್ಲಿ ವಾರಕ್ಕೆ ಮೂರೇ ದಿನ ಕೆಲಸ.
ಜೈನಾಬಿ ನಿನ್ನ ದೇಶವನ್ನು ಶಪಿಸಿದಳು.
ನಾನೂ ಶಪಿಸಿದೆ. ಸುಳ್ಳು ಯಾಕೆ.

ಹಿಂದೆಯೂ ನಿಮ್ಮಲ್ಲಿ ಒಂದು ಕಾರ್ಖಾನೆ ಇತ್ತಂತೆ,
ಸಾಲ ಕೊಟ್ಟವರು ಮುಚ್ಚಿಸಿದರಂತೆ. ಅದು ಅರ್ಥವಾಯಿತು.
ನಮ್ಮ ಸಂಘದ ಸಾಲಕ್ಕೂ ಶರತ್ತಿದೆ,
ಕಂತು ತಪ್ಪಿದ ವಾರ ಜೊತೆಯವರೇ ಬಂದು ಜಗುಲಿಯಲ್ಲಿ ಕೂರುತ್ತಾರೆ.
ದೇಶದ ಜಗುಲಿಯಲ್ಲಿ ಯಾರು ಕೂರುತ್ತಾರೋ.

ಬಸ್ಸಿನಲ್ಲಿ ಮನೆಗೆ ಬರುವಾಗ ಲೆಕ್ಕ ಹಾಕಿದೆ:
ನನ್ನ ಕೈಬಿಟ್ಟ ಮೂರು ದಿನ ನಿನಗೆ ಸಿಕ್ಕಿತೋ,
ನಡುವೆ ಯಾರ ಜೇಬಿಗೆ ಇಳಿಯಿತೋ.
ಲೆಕ್ಕ ಕೂಡಲಿಲ್ಲ.

ಒಂದು ವೇಳೆ ನಿನಗೇ ಸಿಕ್ಕಿದ್ದರೆ, ಕೇಳು:
ಒಡೆಯುವ ಮೊದಲು ಕೈಗೆ ಹರಳೆಣ್ಣೆ, ಮೇಲೆ ಬೂದಿ.
ಗ್ಲೌಸು ಕೊಡುತ್ತೇವೆ ಅಂದರೆ ಕೊಟ್ಟ ಮೇಲೆ ನಂಬು.
ತಕ್ಕಡಿ ನೋಡು, ತೂಗುವವನ ಮುಖ ನೋಡಬೇಡ.
ಹೆಬ್ಬೆರಳು ಒತ್ತುವ ಕಾಗದವೇನಾದರೂ ಇದ್ದರೆ
ಗೆರೆ ಇರುವಾಗಲೇ ಒತ್ತಿಬಿಡು.

ಇವತ್ತು ಕೊನೆಯ ಲೋಡು ಬಿಚ್ಚಿದೆವು.
ನಿನ್ನ ಗಂಟನ್ನು ಕತ್ತರಿಸಲಿಲ್ಲ ಈ ಸಲ,
ಉಗುರಿನಿಂದ ಬಿಡಿಸಿದೆ. ತುಂಬ ಹೊತ್ತು ಹಿಡಿಯಿತು.
ಫೆಲಿಕ್ಸಣ್ಣ ಬೈದರು.