ಕಾಲಿಗೆ ಹೇಳಿದ ಬುದ್ಧಿ

ಇಪ್ಪತ್ತೆರಡು ವರ್ಷ ಅಟ್ಟೆಗೆ ಅಂಟು ಸವರಿದವಳು ನಾನು,
ಫೆಲ್ಗೇರಸ್ಸಿನ ಬೂಟು ಕಾರ್ಖಾನೆಯ ಮೂರನೆಯ ಸಾಲಿನಲ್ಲಿ.
ಬಲಗಾಲಿನದು ನನಗೆ, ಎಡಗಾಲಿನದು ಜುಲ್ಮೀರಳಿಗೆ.
ಜೋಡಿ ಕೂಡುವುದು ಡಬ್ಬಿಯೊಳಗೆ, ನಮ್ಮ ಕಣ್ಣಿಗೆ ಬೀಳದಂತೆ.

ಓಡುವುದೆಂದರೆ ನನಗೆ ಗೊತ್ತಿದ್ದದ್ದು ಎರಡೇ:
ಆರೂ ಐವತ್ತರ ಬಸ್ಸು,
ಮತ್ತೆ ಚಿಕ್ಕಂದಿನಲ್ಲಿ, ಸೋದರಮಾವನ ಹೆಬ್ಬಾತು.

ಜುಲ್ಮೀರ ಕೇಳಲಿಲ್ಲ. ತನ್ನ ಜೊತೆ ನನ್ನ ಹೆಸರನ್ನೂ ಬರೆಸಿ ಬಂದಳು
ಪೋರ್ಟೊ ನದಿದಂಡೆಯ ಓಟಕ್ಕೆ, ಇಪ್ಪತ್ತೊಂದು ಕಿಲೋಮೀಟರು.
"ದಿಯೊಲಿಂಡ, ಡಾಕ್ಟರು ನಡಿ ಅಂದಿದ್ದಾರೆ ತಾನೆ?
ಅದನ್ನೇ ಒಂಚೂರು ಅವಸರದಲ್ಲಿ ಮಾಡು."
ಕಟ್ಟಿದ ಹಣ ವಾಪಸ್ಸು ಬರುವುದಿಲ್ಲವಂತೆ.
ಹದಿನೆಂಟು ಯೂರೋ ಎಂಥ ದೆವ್ವ ನೋಡಿ,
ಸಕ್ಕರೆ ಕಾಯಿಲೆಗೂ ಜಗ್ಗದವಳನ್ನು ಅಂಗಡಿಗೆ ಅಟ್ಟಿತು.

ಅಂಗಡಿಯ ಹುಡುಗನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ.
ಉರುಳುವ ಪಟ್ಟಿಯ ಮೇಲೆ ನನ್ನ ಹತ್ತಿಸಿ
ಹಿಂದಿನಿಂದ ಹಿಮ್ಮಡಿಯ ಚಿತ್ರ ಹಿಡಿದ.
ಪರದೆಯ ತುಂಬ ಯಾರೋ ಮುದುಕಿಯ ಬಿರುಕು ಪಾದ,
ಎಡದ್ದು ಒಳಕ್ಕೆ ವಾಲಿತ್ತು, ಕುಡಿದು ಮನೆಗೆ ಬಂದವನ ಹಾಗೆ.
"ಈ ಕಾಲು ಒಳಗೆ ಉರುಳುತ್ತೆ, ಸೆನ್ಯೋರ."
ಉರುಳಲಿ ಬಿಡಪ್ಪ, ಇಪ್ಪತ್ತೆರಡು ವರ್ಷ ನಿಂತೇ ಇತ್ತು.

ಕೆಂಡದ ಬಣ್ಣದ್ದೊಂದು ತಂದ. ಮೋಡದ ಮೇಲೆ ನಡೆದ ಹಾಗೆ ಅಂದ.
ನಾನು ಮಗುಚಿದೆ. ಮೂಸಿದೆ. ಹೆಬ್ಬೆರಳಿಂದ ಅಂಚು ಒತ್ತಿ ನೋಡಿದೆ.
ಅಂಟು ಒಂದೇ ಕೈ ಸವರಿದ್ದು. ತುದಿಯಲ್ಲಿ ಶಾಖ ಸಾಲದು.
ಇಂಥದ್ದನ್ನು ನಮ್ಮ ಮೇಸ್ತ್ರಿ ಎರ್ಮಿನಿಯೊ ಮುಖಕ್ಕೇ ಎಸೆಯುತ್ತಾನೆ.
ಹುಡುಗ ಬೆಲೆ ಹೇಳಿದ. ಮನಸ್ಸಿನಲ್ಲೇ ಕಳೆಯುತ್ತ ಹೋದೆ:
ತೊಗಲಿಲ್ಲ, ಹೊಲಿಗೆಯಿಲ್ಲ, ಮೊಳೆಯಿಲ್ಲ,
ಉಳಿದದ್ದು ಪೂರಾ ಹೆಸರಿನ ದುಡ್ಡು.

ಕೊನೆಗೆ ಹಿಡಿಸಿದ್ದು ಬುಟ್ಟಿಯಲ್ಲಿ ಬಿದ್ದಿದ್ದ
ಹೋದ ವರ್ಷದ ಬೂದು ಜೋಡಿ, ಅರ್ಧ ಬೆಲೆಗೆ.
ಒಂದಳತೆ ದೊಡ್ಡದಿರಲಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತೆ ಅಂದ.
ನಲವತ್ತು! ಮದುವೆಯ ದಿನ ನಾನು ಮೂವತ್ತೇಳು.
ಒಳಗೆ ಕಿರುಬೆರಳು, ಹುಟ್ಟಿದ ಮೇಲೆ ಮೊದಲ ಸಲ,
ಕಾಲು ಚಾಚಿ ಮಲಗಿತು.

ಬೆಳಗಿನ ಜಾವ ಐದು. ಯಾರೂ ನೋಡದಿರಲಿ ಅಂತ.
ಒದ್ದೆ ಕಲ್ಲುಹಾಸು, ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿ, ಒಂದು ನಾಯಿ.
ಕಾಲಿಗೆ ಬುದ್ಧಿ ಹೇಳಿದೆ.
ಕಾಲು ತಿರುಗಿ ನನಗೇ ಬುದ್ಧಿ ಹೇಳಿತು.
ಮೊದಲ ದೀಪದ ಕಂಬಕ್ಕೆ ಬಾಯಿಗೆ ಬಂದದ್ದು ಎದೆ,
ಎರಡನೆಯದಕ್ಕೆ ಜುಲ್ಮೀರಳ ವಂಶಕ್ಕೆಲ್ಲ ಬೈಗುಳ.
ಬ್ರೆಡ್ಡಿನ ಅಬೀಲಿಯೊ ಹಿಟ್ಟಿನ ಕೈಯಲ್ಲಿ ಹೊರಗೆ ಬಂದ:
"ಯಾರಿಗೇನಾಯಿತು?"
ಏನಿಲ್ಲ, ಸುಮ್ಮನೆ, ಅನ್ನಲು ಉಸಿರಿರಲಿಲ್ಲ.
ಸಂಜೆಯೊಳಗೆ ಮೂರು ಮನೆಯವರು ವಿಚಾರಿಸಲು ಬಂದರು,
ಒಬ್ಬಾಕೆ ಸಾರಿನ ಪಾತ್ರೆ ಹಿಡಿದೇ.

ಮೂರನೆಯ ವಾರಕ್ಕೆ ಸ್ಮಶಾನದ ಗೇಟು.
ಅದನ್ನು ಮುಟ್ಟಿ ಹಿಂದಿರುಗುವುದು, ಒಳಗಿನವರಿಗೆ
ಇವತ್ತು ಬರುವುದಿಲ್ಲ ಎಂದು ಹೇಳಿ ಹೋದಂತೆ.
ಮೂರನೆಯ ತಿಂಗಳಿಗೆ ಗೇಟಿನಾಚೆಯ ಏರು, ಅದೂ ಅರ್ಧ.

ಓಟಕ್ಕೆ ಇನ್ನು ಐದು ವಾರ. ಆಗುತ್ತದೋ ಇಲ್ಲವೋ.
ಮೊನ್ನೆ ಒಂದು ಹರಳು ಹೊಕ್ಕಿತೆಂದು ಮೋಟು ಗೋಡೆಯ ಮೇಲೆ ಕೂತು
ಎಡದ ಬೂಟು ಕಳಚಿದೆ. ಮಗುಚಿದೆ, ಕೈಯ ಚಾಳಿ.
ಒಳ ಅಂಚು ಸವೆದಿತ್ತು. ಹೆಬ್ಬೆರಳ ಕೆಳಗೆ ಗೀರೆಲ್ಲ ಅಳಿಸಿ
ನಾಣ್ಯದಗಲ ನುಣುಪು.

ಎಷ್ಟು ಲಕ್ಷ ಅಟ್ಟೆ ಈ ಕೈ ದಾಟಿ ಹೋಗಿವೆಯೋ,
ಒಂದಾದರೂ ತಿರುಗಿ ಬಂದು
ಎಲ್ಲಿಗೆ ಹೋಗಿದ್ದೆ ಅಂತ ತೋರಿಸಿರಲಿಲ್ಲ.

ಮಧ್ಯಾಹ್ನ ಅದನ್ನು ಬೆಲ್ಟಿನ ಮೇಲಿಟ್ಟೆ,
ಮಿರುಗುವ ಕರಿ ಬೂಟುಗಳ ನಡುವೆ, ಕೆಸರು ಸಮೇತ.
ಎರ್ಮಿನಿಯೊ ಎತ್ತಿಕೊಂಡು ಬೆಳಕಿಗೆ ಹಿಡಿದ.
"ಯಾರ ಕೆಲಸ ಇದು? ಎಡಗಾಲು ಅಂದರೆ ಜುಲ್ಮೀರಳದು."

ಇಲ್ಲ, ಅಂದೆ. ಇದೊಂದು ನನ್ನದು.