ಕೊನೆಯ ವಿಳಾಸ

ಜಿಬೂಟಿಯ ಬಿಸಿಲಿಗೆ ಪೆನ್ನಿನ ಶಾಯಿಯೂ ಬೆವರುತ್ತದೆ.
ಡಬ್ಬದಂಥ ಕೋಣೆಯಲ್ಲಿ ಲೆಫ್ಟಿನೆಂಟ್ ಪ್ರುವಿಟ್
ಅರ್ಜಿಯ ಕಾರ್ಡು ಚಾಚಿದ:
ಹೆಸರು, ಹುಟ್ಟಿದ ದಿನ, ಸಹಿ.
ಸಹಿ ಮಾತ್ರ ಹಳೇ ಸಹಿಯ ಹಾಗೇ ಬೀಳಲಿ,
ಅಲ್ಲಿ ತಾಳೆ ನೋಡುತ್ತಾರೆ.

ಒಡೆಟ್ ತಿಬೊಡೊ ಸಲೀಸಾಗಿ ಬರೆದಳು
ಮೂರನೇ ಸಾಲಿನ ತನಕ.
ಊರು ಬಿಡುವ ಮುಂಚೆ ಕೊನೆಗೆ ವಾಸವಿದ್ದ ಮನೆ?

ಮನೆ ಎಲ್ಲಿದೆ ಸಾರ್.
ಲೂಸಿಯಾನದ ಆ ಬೀದಿಯನ್ನು ಕೊಲ್ಲಿ
ನುಂಗಿ ನೀರು ಕುಡಿಯಿತು,
ಅದೂ ಉಪ್ಪುನೀರು.
ಈಗ ನಮ್ಮಮ್ಮನ ಒಲೆಯ ಮೇಲೆ
ಸೀಗಡಿ ದೋಣಿ ಓಡಾಡುತ್ತವೆ.

ಪ್ರುವಿಟ್ ಕೈಪಿಡಿ ತಿರುವಿದ, ಮತ್ತೆ ತಿರುವಿದ,
ಕಡೆಗೊಂದು ಕಡೆ ಬೆರಳಿಟ್ಟ:
ಮನೆ ಇರಬೇಕೆಂದಿಲ್ಲ.
ನೀನು ಇದ್ದಿರಬೇಕು, ಅಷ್ಟೆ.

ನಲವತ್ತೊಂದು, ಎಂದು ಬರೆದಳು.

ಏಳು ವಾರಕ್ಕೆ ಲಕೋಟೆ ಬಂತು.
ಕೇಳರಿಯದ ಹೆಸರುಗಳು, ನ್ಯಾಯಾಧೀಶರು, ಶಾಲಾ ಮಂಡಳಿ,
ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ
ಒಡ್ಡು ಎತ್ತರಿಸಲು ಹೊಸ ತೆರಿಗೆ:
ಹೌದೋ, ಅಲ್ಲವೋ?

ಹೊರಗೆ ಯಾರೋ ಊಟಕ್ಕೆ ಕೂಗುತ್ತಿದ್ದರು.
'ಹೌದು' ಎಂಬುದರ ಪಕ್ಕದ ಸೊನ್ನೆಯನ್ನು
ಎಷ್ಟು ಒತ್ತಿ ತುಂಬಿದಳೆಂದರೆ
ಶಾಯಿ ಹಿಂಬದಿಗೂ ಇಳಿಯಿತು.
ಒಣಗಲೆಂದು ಊದುತ್ತಾ ಕೂತಳು,
ಬಹಳ ಹೊತ್ತು.